ಸಾಕಣೆ ಮೀನಿನ ಆಹಾರಕ್ಕೆ ಸಸ್ಯಮೂಲದ ಪೂರಕಗಳು: ಆರಿಸುವ, ಬೆರೆಸುವ, ಅಳೆದು ನೋಡುವ ಬಗೆ

ಮೀನಿನ ಆಹಾರಕ್ಕೆ ಬೆಳ್ಳುಳ್ಳಿ, ಅರಿಶಿನ, ಶುಂಠಿ, ಮೆಂತ್ಯ, ಕರಿಜೀರಿಗೆ, ನುಗ್ಗೆಸೊಪ್ಪು ಮುಂತಾದವನ್ನು ಬೆರೆಸುವ ಮಾತು ಈಗ ಸಾಕಣೆದಾರರ ನಡುವೆ ಸಾಮಾನ್ಯವಾಗಿದೆ. ಬೆಳವಣಿಗೆ ಹೆಚ್ಚಲೆಂದು ಪಶು ಆಹಾರದಲ್ಲಿ ಆಂಟಿಬಯೋಟಿಕ್ ಬೆರೆಸುವುದನ್ನು ಐರೋಪ್ಯ ಒಕ್ಕೂಟವು 2006ರ ಜನವರಿ 1ರಿಂದ ಪೂರ್ತಿಯಾಗಿ ನಿಷೇಧಿಸಿದ ಮೇಲೆ, ಆ ಜಾಗವನ್ನು ತುಂಬಬಲ್ಲ ಸಸ್ಯಗಳ ಹುಡುಕಾಟ ಜಗತ್ತಿನೆಲ್ಲೆಡೆ ಚುರುಕಾಯಿತು. ಹುಡುಕಾಟದಲ್ಲಿ ಸಿಕ್ಕ ಫಲಿತಾಂಶಗಳು ನಿಜವೇ. ಆದರೆ ಅವು ಪುಡಿಯ ಪೊಟ್ಟಣದ ಮೇಲೆ ಬರೆದಷ್ಟು ದೊಡ್ಡವಲ್ಲ. ಸರಿಯಾದ ರೂಪದಲ್ಲಿ, ಸಣ್ಣ ಪ್ರಮಾಣದಲ್ಲಿ ಬೆರೆಸಿ, ಪೂರಕವಿಲ್ಲದ ಮೀನಿನೊಂದಿಗೆ ಹೋಲಿಸಿ ತೂಗಿ ನೋಡಿದವರಿಗೆ ಮಾತ್ರ ಅದರಿಂದ ಲಾಭವಾಯಿತೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಈ ಲೇಖನವು ಆ ಕೆಲಸವನ್ನು ಮಾಡುವ ಕ್ರಮವನ್ನು ತಿಳಿಸುತ್ತದೆ.

ಮೊದಲು ಒಂದು ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಳ್ಳಬೇಕು. ಸೋಯಾ ಹಿಂಡಿ, ಕಡಲೆಕಾಯಿ ಹಿಂಡಿ, ಅಕ್ಕಿ ತೌಡು, ಅಜೋಲಾ ಇವೆಲ್ಲ ಆಹಾರದ ಮುಖ್ಯ ಪದಾರ್ಥಗಳು. ಮೀನಿಗೆ ಪ್ರೋಟೀನ್ ಮತ್ತು ಶಕ್ತಿಯನ್ನು ಕೊಡುವುದು ಅವುಗಳ ಕೆಲಸ. ಪೂರಕವೆಂದರೆ ಒಂದು ಕಿಲೋ ಆಹಾರಕ್ಕೆ ಕೆಲವು ಗ್ರಾಂಗಳಷ್ಟು ಮಾತ್ರ ಸೇರುವಂಥದು. ಅದು ಹಸಿವನ್ನು ಕೆರಳಿಸಬಹುದು, ಪಿತ್ತರಸ ಮತ್ತು ಜೀರ್ಣಕಾರಿ ಕಿಣ್ವಗಳ ಒಸರುವಿಕೆಯನ್ನು ಹೆಚ್ಚಿಸಬಹುದು, ಕರುಳಿನಲ್ಲಿರುವ ಕೆಡುಕು ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕಬಹುದು, ಮಾಂಸದ ಕೊಬ್ಬು ಕಮಟಾಗುವುದನ್ನು ತಡೆಯಬಹುದು. ಆದರೆ ಆಹಾರದಲ್ಲಿ ಇಲ್ಲದ ಪ್ರೋಟೀನನ್ನು ತಂದುಕೊಡಲಾರದು.

ಹೆಜ್ಜೆ 1: ಪೂರಕಕ್ಕೆ ಮುನ್ನ ಕೊಳವನ್ನು ನೋಡಿಕೊಳ್ಳಿ

ನೀರಿನಲ್ಲಿ ಕರಗಿದ ಆಮ್ಲಜನಕವು ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗಿಳಿಯುವ ಕೊಳದಲ್ಲಿ ಮೀನು ಮೇವನ್ನೇ ಸರಿಯಾಗಿ ತಿನ್ನುವುದಿಲ್ಲ; ಅಂಥ ಕಡೆ ಬೆಳ್ಳುಳ್ಳಿಗೆ ಮಾಡಲು ಕೆಲಸವೇ ಇರುವುದಿಲ್ಲ. ಆದ್ದರಿಂದ ಬೆಳಗಿನ ಜಾವದ ಆಮ್ಲಜನಕ, ಅಮೋನಿಯ, ಮರಿಗಳ ಸಾಂದ್ರತೆ ಮತ್ತು ಮೂಲ ಆಹಾರದ ಪ್ರೋಟೀನ್ ಪ್ರಮಾಣ, ಈ ನಾಲ್ಕೂ ಸರಿಯಾಗಿವೆಯೆಂದು ಖಾತ್ರಿಯಾದ ಮೇಲಷ್ಟೇ ಪೂರಕದ ಯೋಚನೆ ಮಾಡಬೇಕು. ಒಂದಿಷ್ಟು ಒರಟಾಗಿ ಹೇಳುವುದಾದರೆ, ನೀರಿಗೆ ಗಾಳಿ ಸೇರಿಸುವ ಏರೇಟರ್ ಕೆಟ್ಟು ನಿಂತಿರುವಾಗ ಅರಿಶಿನಕ್ಕೆ ಹಣ ಸುರಿಯುವುದು ಸೋರುವ ಮನೆಗೆ ಬಣ್ಣ ಬಳಿದಂತೆ.

ಹೆಜ್ಜೆ 2: ಗುರಿಗೆ ತಕ್ಕ ಸಸ್ಯವನ್ನು ಆರಿಸಿ, ಒಂದು ಸಲಕ್ಕೆ ಒಂದನ್ನೇ

ಗುರಿ ಬೆಳವಣಿಗೆಯೇ ಆಗಿದ್ದರೆ ನನ್ನ ಸಲಹೆ ಬೆಳ್ಳುಳ್ಳಿಯಿಂದ ಆರಂಭಿಸಬೇಕೆಂಬುದು. ತಿಲಾಪಿಯಾ, ಗೆಂಡೆ ಜಾತಿಯ ಮೀನುಗಳು ಮತ್ತು ಟ್ರೌಟ್ ಮೇಲೆ ಅದನ್ನು ಅನೇಕ ಬಾರಿ ಪರೀಕ್ಷಿಸಲಾಗಿದೆ. ಕಿಲೋ ಆಹಾರಕ್ಕೆ 5ರಿಂದ 20 ಗ್ರಾಂ ಒಣ ಪುಡಿಯ ಮಿತಿಯಲ್ಲಿ ಬಳಸುವುದು ವಾಡಿಕೆ, ಮತ್ತು ಹೊಸಬರಿಗೆ 10 ಗ್ರಾಂ ಸರಿಯಾದ ಆರಂಭ. ಶುಂಠಿ ಪುಡಿಯನ್ನು 5ರಿಂದ 10 ಗ್ರಾಂ, ಅರಿಶಿನವನ್ನು 2ರಿಂದ 5 ಗ್ರಾಂ, ಮೆಂತ್ಯ ಮತ್ತು ಕರಿಜೀರಿಗೆಯನ್ನು 10ರಿಂದ 20 ಗ್ರಾಂ ಬಳಸಬಹುದು. ದಾಲ್ಚಿನ್ನಿ, ಓರೆಗಾನೊ, ಥೈಮ್ ಮುಂತಾದವುಗಳಿಂದ ತೆಗೆದ ಸುಗಂಧ ತೈಲಗಳ ಶಕ್ತಿ ಬಹಳ ತೀಕ್ಷ್ಣವಾದದ್ದು, ಅಲ್ಲಿ ಲೆಕ್ಕ ಮಿಲಿಗ್ರಾಂಗಳದು. ಅವನ್ನು ತಯಾರಕರು ಹೇಳಿದ ಪ್ರಮಾಣಕ್ಕಿಂತ ಹೆಚ್ಚಿಗೆ ಹಾಕಿದರೆ ಮೀನು ಆಹಾರದ ಹತ್ತಿರಕ್ಕೂ ಬರುವುದಿಲ್ಲ.

ಈ ಎಲ್ಲ ಸಸ್ಯಗಳಿಗೂ ಸಮಾನವಾದ ಒಂದು ಗುಣವಿದೆ. ಪ್ರಮಾಣ ಏರಿದಂತೆ ಬೆಳವಣಿಗೆ ಸ್ವಲ್ಪ ದೂರ ಏರುತ್ತದೆ, ಆಮೇಲೆ ನಿಲ್ಲುತ್ತದೆ, ಇನ್ನೂ ಹೆಚ್ಚಿಸಿದರೆ ಇಳಿಯುತ್ತದೆ. ಮೆಂತ್ಯವನ್ನೇ ನೋಡಿ: ಅದರ ಬೀಜದಲ್ಲಿರುವ ಅಂಟು ನಾರು ಸ್ವಲ್ಪ ಪ್ರಮಾಣದಲ್ಲಿದ್ದಾಗ ಆಹಾರದ ಗುಳಿಗೆ ನೀರಿನಲ್ಲಿ ಬೇಗ ಒಡೆಯದಂತೆ ಹಿಡಿದಿಡುತ್ತದೆ, ಅದು ಉಪಕಾರವೇ, ಹೆಚ್ಚಾದಾಗ ಅದೇ ಅಂಟು ಕರುಳಿನೊಳಗೆ ಆಹಾರವನ್ನು ಲೋಳೆಯಾಗಿಸಿ ಜೀರ್ಣಕ್ರಿಯೆಯನ್ನು ನಿಧಾನಗೊಳಿಸುತ್ತದೆ. ನುಗ್ಗೆಸೊಪ್ಪಿನ ಪುಡಿಯೂ ಹೀಗೆಯೇ. ಅದರಲ್ಲಿ ಪ್ರೋಟೀನ್ ಚೆನ್ನಾಗಿದೆಯೆಂದು ಹಿಂಡಿಯ ಜಾಗದಲ್ಲಿ ತುಂಬಾ ತುಂಬಿದರೆ ಪೋಷಕಾಂಶ ದಕ್ಕದಂತೆ ಅಡ್ಡಿ ಮಾಡುವ ಸಾಪೋನಿನ್, ಟ್ಯಾನಿನ್, ಫೈಟಿಕ್ ಆಮ್ಲಗಳ ಹೊರೆ ಹೆಚ್ಚಿ ಬೆಳವಣಿಗೆ ಕುಂಠಿತವಾಗುತ್ತದೆ.

ಸಸ್ಯಮೂಲದ್ದೆಂದ ಮಾತ್ರಕ್ಕೆ ಮೀನಿಗೆ ನಿರಪಾಯವೆಂದು ತಿಳಿಯುವುದು ದೊಡ್ಡ ತಪ್ಪು. ಕೊಳದಲ್ಲಿರುವ ಬೇಡದ ಮೀನುಗಳನ್ನು ಕೊಲ್ಲಲು ಬಳಸುವ ಹಿಪ್ಪೆ ಹಿಂಡಿ, ಚಹಾ ಬೀಜದ ಹಿಂಡಿ, ಡೆರ್ರಿಸ್ ಬೇರು ಮೂರೂ ಸಸ್ಯಗಳೇ. ಮೊದಲ ಎರಡರಲ್ಲಿರುವ ಸಾಪೋನಿನ್ ಮೀನಿನ ರಕ್ತಕಣಗಳನ್ನು ಒಡೆಯುತ್ತದೆ. ಡೆರ್ರಿಸ್ ಬೇರಿನ ರೋಟಿನೋನ್ ಜೀವಕೋಶಗಳ ಉಸಿರಾಟವನ್ನೇ ತಡೆಯುತ್ತದೆ. ಹತ್ತಿಬೀಜದ ಹಿಂಡಿಯಲ್ಲಿ ಗಾಸಿಪಾಲ್, ಸುಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷಪದಾರ್ಥಗಳಿವೆ. ಬೇವು ಮತ್ತು ಪರಂಗಿ ಬೀಜಗಳು ಸಂತಾನಶಕ್ತಿಯನ್ನು ಕುಗ್ಗಿಸುವ ಗುಣದವು. ತಿಲಾಪಿಯಾದ ಅತಿಯಾದ ಮರಿ ಹಾಕುವಿಕೆಯನ್ನು ತಡೆಯಲು ಪರಂಗಿ ಬೀಜವನ್ನು ಪರೀಕ್ಷಿಸಿರುವುದೂ ಈ ಕಾರಣಕ್ಕೇ. ತಾಯಿಮೀನುಗಳ ಆಹಾರದಲ್ಲಿ ಇವೆರಡಕ್ಕೂ ಜಾಗವಿರಬಾರದು.

ಮೂರು ನಾಲ್ಕು ಪುಡಿಗಳನ್ನು ಒಟ್ಟಿಗೆ ಕಲಸಿ ಕೊಡುವ ಆಸೆ ಎಲ್ಲರಿಗೂ ಇರುತ್ತದೆ. ಫಲ ಬಂದರೆ ಯಾವುದರಿಂದ ಬಂತು, ಬರದಿದ್ದರೆ ಯಾವುದು ಕೆಡಿಸಿತು ಎಂಬುದು ಆಗ ತಿಳಿಯುವುದಿಲ್ಲ. ಮೊದಲ ಹಂಗಾಮಿಗೆ ಒಂದೇ ಸಸ್ಯ ಸಾಕು.

ಹೆಜ್ಜೆ 3: ಒಣಗಿಸುವುದು, ಪುಡಿ ಮಾಡುವುದು, ಇಡುವುದು

ಹಸಿ ಬೆಳ್ಳುಳ್ಳಿಯ ತೂಕದಲ್ಲಿ ಮೂರನೇ ಎರಡು ಭಾಗದಷ್ಟು ನೀರೇ ಇರುವುದರಿಂದ 100 ಗ್ರಾಂ ಒಣ ಪುಡಿಗೆ ಸುಲಿದ ಬೆಳ್ಳುಳ್ಳಿ ಸುಮಾರು 300 ಗ್ರಾಂ ಬೇಕಾಗುತ್ತದೆ. ತೆಳ್ಳಗೆ ಹೆಚ್ಚಿ, ಗಾಳಿಯಾಡುವ ನೆರಳಿನಲ್ಲಿ ಅಥವಾ 50 ಡಿಗ್ರಿ ಸೆಲ್ಸಿಯಸ್ ಮೀರದ ಬಿಸಿಯಲ್ಲಿ, ಮುರಿದರೆ ಪಟಕ್ಕನೆ ಮುರಿಯುವಷ್ಟು ಒಣಗಿಸಬೇಕು. ಅರಿಶಿನದ ಹಳದಿ ಸತ್ವವಾದ ಕರ್ಕ್ಯುಮಿನ್ ಬೆಳಕಿಗೆ ಕೆಡುವಂಥದು, ನುಗ್ಗೆಸೊಪ್ಪಿನ ಕೆರೋಟಿನ್ ಕೂಡ ಹಾಗೆಯೇ. ಇವನ್ನು ಬಿಸಿಲಿಗೆ ಹರಡುವುದು ತಪ್ಪು. ಅರಿಶಿನವನ್ನು ಪುಡಿಯಾಗಿ ಕೊಳ್ಳುವ ಬದಲು ಕೊಂಬಾಗಿ ತಂದು ಬೀಸುವುದು ಒಳ್ಳೆಯದು, ಏಕೆಂದರೆ ಬಣ್ಣ ಹೆಚ್ಚಿಸಲು ಸೀಸದ ಕ್ರೋಮೇಟ್ ಬೆರೆಸಿದ ಪುಡಿಗಳು ಸಿಕ್ಕಿಬಿದ್ದ ಉದಾಹರಣೆಗಳಿವೆ, ಮತ್ತು ಮೀನು ತಿಂದ ಸೀಸ ಕೊನೆಗೆ ಮನುಷ್ಯರ ತಟ್ಟೆಗೇ ಬರುತ್ತದೆ.

ಪುಡಿ ಆದಷ್ಟು ನಯವಾಗಿರಬೇಕು, ಹಿಟ್ಟಿನ ಜರಡಿಯಲ್ಲಿ ಇಳಿಯುವಷ್ಟು. ದಪ್ಪ ತರಿಯಲ್ಲಿರುವ ಸಸ್ಯಕೋಶದ ಗೋಡೆಯನ್ನು ಬಹುತೇಕ ಮೀನುಗಳ ಕರುಳು ಒಡೆಯಲಾರದು, ಒಳಗಿನ ಸತ್ವ ಹಾಗೆಯೇ ಹೊರಗೆ ಹೋಗುತ್ತದೆ. ತೇವಾಂಶ 10 ಶೇಕಡಕ್ಕಿಂತ ಕಡಿಮೆಯಿರುವಂತೆ ನೋಡಿಕೊಂಡು, ಗಾಳಿಯಾಡದ ಡಬ್ಬಿಯಲ್ಲಿ ಕತ್ತಲಲ್ಲಿಡಬೇಕು. ಬೂಷ್ಟು ಹಿಡಿದ ಪುಡಿಯನ್ನು ಮತ್ತೆ ಒಣಗಿಸಿ ಬಳಸುವಂತಿಲ್ಲ. ಬೂಷ್ಟು ಕಣ್ಣಿಗೆ ಮರೆಯಾದರೂ ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ಎಂಬ ವಿಷ ಬಿಸಿಲಿಗೆ ಹೋಗುವುದಿಲ್ಲ, ಮೀನಿನ ಯಕೃತ್ತು ಅದಕ್ಕೆ ಬಲಿಯಾಗುತ್ತದೆ.

ಹೆಜ್ಜೆ 4: ಬೆರೆಸುವುದು

ಹೆಚ್ಚಿನವರು ಎಡವುವುದು ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೆಳ್ಳುಳ್ಳಿಯ ಸತ್ವವೆಂದು ಹೆಸರಾದ ಆಲಿಸಿನ್ ಇಡೀ ಎಸಳಿನಲ್ಲಿ ಇರುವುದೇ ಇಲ್ಲ. ಎಸಳನ್ನು ಜಜ್ಜಿದಾಗ ಅದರೊಳಗೆ ಬೇರೆ ಬೇರೆಯಾಗಿದ್ದ ಆಲಿನ್ ಮತ್ತು ಆಲಿನೇಸ್ ಕಿಣ್ವ ಒಂದನ್ನೊಂದು ಸೇರಿ ಆಲಿಸಿನ್ ಹುಟ್ಟುತ್ತದೆ. ಬಿಸಿ ತಾಗಿದರೆ ಕಿಣ್ವ ಸಾಯುತ್ತದೆ. ಮೊದಲ ಸಲ ನಾನು ಮಾಡಿದ ತಪ್ಪು ಇದೇ: ಹಿಂಡಿ, ತೌಡು, ಬೆಳ್ಳುಳ್ಳಿ ಎಲ್ಲವನ್ನೂ ಒಟ್ಟಿಗೆ ಕಲಸಿ, ಹಬೆಯಲ್ಲಿ ಬೇಯಿಸಿ, ಶ್ಯಾವಿಗೆಯಂತೆ ಒತ್ತಿ ಒಣಗಿಸಿದ್ದೆ. ಹಿಟ್ಟು ಬೇಯುವಾಗ ಸುತ್ತಲೂ ಹರಡಿದ್ದ ಘಮವೇ ಆಹಾರದಿಂದ ಹೊರಟುಹೋದ ಸತ್ವವಾಗಿತ್ತು; ಒಣಗಿದ ಗುಳಿಗೆಯಲ್ಲಿ ಬೆಳ್ಳುಳ್ಳಿಯ ವಾಸನೆಯೇ ಉಳಿದಿರಲಿಲ್ಲ. ಬಿಸಿಯಾಗುವ ಯಾವ ತಯಾರಿಕೆಯಲ್ಲೂ ಪೂರಕವನ್ನು ಕೊನೆಗೆ, ಆಹಾರ ಪೂರ್ತಿ ಆರಿದ ಮೇಲೆ, ಹೊರಗಿನಿಂದ ಲೇಪಿಸಬೇಕು. ಪರಂಗಿಯ ಪಪೈನ್, ಅನಾನಸಿನ ಬ್ರೊಮೆಲೈನ್ ಮುಂತಾದ ಕಿಣ್ವಗಳಿಗೂ ಇದೇ ನಿಯಮ.

10 ಕಿಲೋ ಸಿದ್ಧ ಗುಳಿಗೆಗೆ ಲೇಪನ ಮಾಡುವ ಕ್ರಮ ಹೀಗಿದೆ. 100 ಗ್ರಾಂ ಬೆಳ್ಳುಳ್ಳಿ ಪುಡಿಯನ್ನು 200 ಮಿಲಿಲೀಟರ್ ಖಾದ್ಯ ಎಣ್ಣೆ ಅಥವಾ ಮೀನೆಣ್ಣೆಯಲ್ಲಿ ಗಂಟಿಲ್ಲದಂತೆ ಕದಡಿಕೊಳ್ಳಿ. ಗುಳಿಗೆಗಳನ್ನು ಸ್ವಚ್ಛವಾದ ಅಗಲ ಹಾಳೆಯ ಮೇಲೆ ತೆಳ್ಳಗೆ ಹರಡಿ, ಮಿಶ್ರಣದ ಅರ್ಧವನ್ನು ಚಿಮುಕಿಸುತ್ತ ಕೈಯಾಡಿಸಿ, ಹಾಳೆಯ ನಾಲ್ಕು ಮೂಲೆಗಳನ್ನು ಒಂದೊಂದಾಗಿ ಎತ್ತಿ ಗುಳಿಗೆಗಳನ್ನು ಹೊರಳಿಸಿ, ಆಮೇಲೆ ಉಳಿದರ್ಧವನ್ನು ಹಾಕಿ. ಒಂದು ಹಿಡಿ ಗುಳಿಗೆಯನ್ನು ಬಿಳಿ ಕಾಗದದ ಮೇಲೆ ಸುರಿದು ನೋಡಿದಾಗ ಎಲ್ಲದರ ಮೇಲೂ ಒಂದೇ ಬಣ್ಣದ ಪದರ ಕಾಣಬೇಕು. ಅಲ್ಲೊಂದು ಇಲ್ಲೊಂದು ಬೋಳು ಗುಳಿಗೆ ಕಂಡರೆ ಇನ್ನೂ ಹೊರಳಿಸಬೇಕೆಂದು ಅರ್ಥ. ಅರ್ಧ ಗಂಟೆ ನೆರಳಿನಲ್ಲಿ ಆರಲು ಬಿಟ್ಟು, ಒಂದು ಗ್ಲಾಸು ನೀರಿಗೆ ಹತ್ತು ಗುಳಿಗೆ ಹಾಕಿ ಐದು ನಿಮಿಷ ನೋಡಿ. ಪುಡಿ ಮೋಡದಂತೆ ಬಿಟ್ಟುಕೊಂಡರೆ ಎಣ್ಣೆಯ ಬದಲು ತೆಳುವಾಗಿ ಕುದಿಸಿ ಆರಿಸಿದ ಗಂಜಿ ಅಥವಾ ಜೆಲಟಿನ್ ದ್ರಾವಣವನ್ನು ಅಂಟಾಗಿ ಬಳಸಬಹುದು. ಅರಿಶಿನಕ್ಕಂತೂ ಎಣ್ಣೆಯೇ ಸರಿ, ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ.

ಇನ್ನು ಆಹಾರವನ್ನು ನೀವೇ ಕಲಸಿ, ಬೇಯಿಸದೆ ಉಂಡೆ ಕಟ್ಟುವುದಾದರೆ 100 ಗ್ರಾಂ ಪುಡಿಯನ್ನು ನೇರವಾಗಿ 10 ಕಿಲೋ ರಾಶಿಗೆ ಸುರಿಯಬೇಡಿ. ಮೊದಲು ಅಷ್ಟೇ ತೂಕದ ತೌಡಿನೊಂದಿಗೆ ಬೆರೆಸಿ, ಆ ಮಿಶ್ರಣವನ್ನು ಅದರಷ್ಟೇ ತೂಕದ ತೌಡಿಗೆ, ಹೀಗೆ ಎರಡೆರಡು ಪಟ್ಟು ಹಿಗ್ಗಿಸುತ್ತ ಹೋದರೆ ಎಲ್ಲ ಉಂಡೆಗಳಲ್ಲೂ ಸಮನಾಗಿ ಸೇರುತ್ತದೆ. ಲೇಪಿಸಿದ ಆಹಾರ ಒಂದು ವಾರಕ್ಕಾಗುವಷ್ಟೇ ಇರಲಿ; ಎಣ್ಣೆ ಹತ್ತಿದ ಆಹಾರ ಬೇಗ ಕಮಟಾಗುತ್ತದೆ.

ಹೆಜ್ಜೆ 5: ತಿನ್ನಿಸುವುದು

ಹೊಸ ವಾಸನೆಗೆ ಮೀನು ಒಗ್ಗಿಕೊಳ್ಳಲು ಮೂರು ನಾಲ್ಕು ದಿನ ಬೇಕಾಗಬಹುದು. ಮೊದಲ ದಿನ ಕಾಲು ಪಾಲು, ಆಮೇಲೆ ಅರ್ಧ, ಆಮೇಲೆ ಪೂರ್ತಿ ಎಂದು ಏರಿಸಿ. ನಾಲ್ಕರಿಂದ ಆರು ವಾರ ಕೊಟ್ಟು ಒಂದೆರಡು ವಾರ ಬಿಡುವು ಕೊಡುವ ಪದ್ಧತಿಯನ್ನು ನಾನು ಮೆಚ್ಚುತ್ತೇನೆ; ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಪದಾರ್ಥವನ್ನು ಬಿಡುವಿಲ್ಲದೆ ಕೊಟ್ಟರೆ ಅದರ ಪರಿಣಾಮ ಮೊಂಡಾಗುತ್ತದೆ.

ಹೆಜ್ಜೆ 6: ಹೋಲಿಸಿ ಅಳೆಯುವುದು

ಇಡೀ ಕೊಳಕ್ಕೆ ಪೂರಕ ಕೊಟ್ಟು, ಕೊನೆಗೆ ಮೀನು ಚೆನ್ನಾಗಿ ಬಂತೆಂದು ಸಂತೋಷಪಡುವುದು ಪರೀಕ್ಷೆಯಲ್ಲ. ಅದೇ ಕೊಳದಲ್ಲಿ ಒಂದೇ ಅಳತೆಯ ಆರು ಹಾಪಾಗಳನ್ನು (ನೀರಿನೊಳಗೆ ಕಟ್ಟುವ ಪೆಟ್ಟಿಗೆಯಾಕಾರದ ಬಲೆಗಳನ್ನು) ಕಟ್ಟಿ, ಒಂದೇ ತಂಡದ ತಲಾ 30 ಮರಿಗಳನ್ನು ಬಿಟ್ಟು, ಮೂರಕ್ಕೆ ಪೂರಕವಿರುವ ಆಹಾರವನ್ನೂ ಮೂರಕ್ಕೆ ಬರೇ ಎಣ್ಣೆ ಲೇಪಿಸಿದ ಆಹಾರವನ್ನೂ 60 ದಿನ ಕೊಡಿ. ಎಣ್ಣೆ ಎರಡಕ್ಕೂ ಇರಲೇಬೇಕು, ಇಲ್ಲದಿದ್ದರೆ ಎಣ್ಣೆಯಿಂದ ಬಂದ ಶಕ್ತಿಯನ್ನು ಬೆಳ್ಳುಳ್ಳಿಯ ಖಾತೆಗೆ ಬರೆದಂತಾಗುತ್ತದೆ. ಎರಡು ಬಗೆಯ ಹಾಪಾಗಳನ್ನು ಒಂದು ಬಿಟ್ಟು ಒಂದರಂತೆ ಕಟ್ಟಿ, ಗಾಳಿ ಬೀಸುವ ಬದಿಯ ಅನುಕೂಲ ಒಂದೇ ಗುಂಪಿಗೆ ಸಿಗದಿರಲಿ. ದಿನದ ಆಹಾರ ಮೀನಿನ ಒಟ್ಟು ತೂಕದ 3 ಶೇಕಡದಷ್ಟು. ಎರಡು ವಾರಕ್ಕೊಮ್ಮೆ ತೂಗಿ ಅದನ್ನು ಸರಿಪಡಿಸಿಕೊಳ್ಳಿ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಪೂರಕವಿಲ್ಲದ ಹಾಪಾಗಳಲ್ಲಿ 20 ಗ್ರಾಂ ಮರಿ ಸರಾಸರಿ 80 ಗ್ರಾಂಗೆ ಬಂದಿದೆ ಎನ್ನಿ. 30 ಮೀನಿನ ಒಟ್ಟು ಏರಿಕೆ 1,800 ಗ್ರಾಂ. ತಿಂದ ಆಹಾರ 2,880 ಗ್ರಾಂ ಆಗಿದ್ದರೆ ಆಹಾರ ಪರಿವರ್ತನೆ ಅನುಪಾತ (ಒಂದು ಗ್ರಾಂ ತೂಕ ಏರಲು ತಿಂದ ಆಹಾರ; ಕಡಿಮೆಯಿದ್ದಷ್ಟೂ ಒಳ್ಳೆಯದು) 1.60. ಪೂರಕ ಕೊಟ್ಟ ಹಾಪಾಗಳಲ್ಲಿ ಮೀನು 84 ಗ್ರಾಂಗೆ ಬಂದು, ಏರಿಕೆ 1,920 ಗ್ರಾಂ, ತಿಂದದ್ದು 2,930 ಗ್ರಾಂ ಆದರೆ ಅನುಪಾತ 1.53ರ ಆಸುಪಾಸು. ನೋಡಲು ಚೆನ್ನಾಗಿದೆ. ಆದರೆ ಪೂರಕ ಮತ್ತು ಎಣ್ಣೆಯಿಂದ ಆಹಾರದ ಬೆಲೆ 4 ಶೇಕಡ ಏರಿದ್ದರೆ, ಖರ್ಚು ಸರಿತೂಗಬೇಕಾದರೂ 1.60ನ್ನು 1.04ರಿಂದ ಭಾಗಿಸಿದಷ್ಟು, ಅಂದರೆ 1.54ಕ್ಕೆ ಅನುಪಾತ ಇಳಿಯಲೇಬೇಕು. ಇಲ್ಲಿ ಉಳಿದದ್ದು ಕೂದಲೆಳೆಯಷ್ಟು. ಜೊತೆಗೆ, ಪೂರಕವಿಲ್ಲದ ಮೂರು ಹಾಪಾಗಳಲ್ಲೇ ಒಂದರಲ್ಲಿ 76, ಇನ್ನೊಂದರಲ್ಲಿ 85 ಗ್ರಾಂ ಸರಾಸರಿ ಬಂದಿದ್ದರೆ, 4 ಗ್ರಾಂ ವ್ಯತ್ಯಾಸಕ್ಕೆ ಅರ್ಥವೇ ಇಲ್ಲ. ಅದು ಹಾಪಾದಿಂದ ಹಾಪಾಕ್ಕೆ ಸಹಜವಾಗಿ ಆಗುವ ಏರುಪೇರು. ಸತ್ತ ಮೀನಿನ ಎಣಿಕೆಯನ್ನೂ ಬರೆದಿಡಿ. ಪೂರಕದ ನಿಜವಾದ ಲಾಭ ಎಷ್ಟೋ ಸಲ ತೂಕದಲ್ಲಿ ಕಾಣದೆ, ಬದುಕುಳಿದ ಮೀನಿನ ಸಂಖ್ಯೆಯಲ್ಲಿ ಕಾಣುತ್ತದೆ.

ಹೆಜ್ಜೆ 7: ಮಾಂಸದ ಗುಣಮಟ್ಟ

ಮಾಂಸದ ಗುಣವೆಂದರೆ ಬಣ್ಣ, ಬಿಗಿ, ನೀರು ಹಿಡಿದಿಡುವ ಶಕ್ತಿ, ಕೊಬ್ಬಿನ ಪ್ರಮಾಣ ಮತ್ತು ರುಚಿ. ಆಹಾರದಿಂದ ಇವೆಲ್ಲವೂ ಸಮನಾಗಿ ಬದಲಾಗುವುದಿಲ್ಲ. ಅತಿ ಸುಲಭವಾಗಿ ಬದಲಾಗುವುದು ಬಣ್ಣ. ಸಾಲ್ಮನ್ ಮತ್ತು ಟ್ರೌಟ್ ಮೀನುಗಳು ತಮ್ಮ ಮಾಂಸದ ಕೆಂಬಣ್ಣವನ್ನು ತಾವೇ ತಯಾರಿಸಿಕೊಳ್ಳಲಾರವು, ಅದು ಆಹಾರದಿಂದಲೇ ಬರಬೇಕು. ಹೆಮಟೊಕಾಕಸ್ ಎಂಬ ಹಸಿರು ಪಾಚಿಯಿಂದ ಪಡೆಯುವ ಅಸ್ಟಾಕ್ಸಾಂಥಿನ್ ಎಂಬ ಕೆಂಬಣ್ಣದ ಪದಾರ್ಥ ಅದಕ್ಕೆ ಸಸ್ಯಮೂಲದ ದಾರಿ. ಚೆಂಡುಹೂವಿನ ದಳ ಮತ್ತು ಹಳದಿ ಮೆಕ್ಕೆಜೋಳದ ಬಣ್ಣ ಅಲಂಕಾರಿಕ ಮೀನಿಗೆ ಶೋಭೆ ತರುತ್ತದೆ, ಆದರೆ ಬಿಳಿ ಮಾಂಸಕ್ಕೆಂದೇ ಬೆಳೆಸುವ ಬೆಕ್ಕುಮೀನಿನಲ್ಲಿ ಅದೇ ಹಳದಿ ಮಾಂಸಕ್ಕಿಳಿದು ಕೊಳ್ಳುವವರು ಮುಖ ತಿರುಗಿಸುವಂತೆ ಮಾಡುತ್ತದೆ.

ಬಿಗಿಯ ವಿಷಯದಲ್ಲಿ ಎಲ್ಲಕ್ಕಿಂತ ಸ್ವಾರಸ್ಯಕರ ಉದಾಹರಣೆ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ್ದು. ಅಲ್ಲಿ ಬೆಳೆದ ಹುಲ್ಲುಗೆಂಡೆ ಮೀನಿಗೆ ಕೊನೆಯ ಮೂರು ನಾಲ್ಕು ತಿಂಗಳು ನೆನೆಸಿದ ಫಾಬಾ ಬೀನ್ಸ್ ಕಾಳನ್ನೇ ಮುಖ್ಯ ಆಹಾರವಾಗಿ ಕೊಡುತ್ತಾರೆ. ಸ್ನಾಯುವಿನ ಎಳೆಗಳು ಒತ್ತಾಗಿ, ಬೇಯಿಸಿದರೂ ಮಾಂಸ ಮೆತ್ತಗಾಗದೆ ಕರುಂ ಎನ್ನುವಷ್ಟು ಗಟ್ಟಿಯಾಗುತ್ತದೆ, ಮತ್ತು ಸಾಮಾನ್ಯ ಮೀನಿಗಿಂತ ಹೆಚ್ಚಿನ ಬೆಲೆಗೆ ಹೋಗುತ್ತದೆ. ಆದರೆ ಆ ಕಾಳಿನಲ್ಲಿರುವ ವೈಸಿನ್ ಎಂಬ ಪದಾರ್ಥ ಮೀನಿನ ಕೆಂಪು ರಕ್ತಕಣಗಳಿಗೆ ಹಾನಿ ಮಾಡುತ್ತದೆ, ಬೆಳವಣಿಗೆಯೂ ನಿಧಾನವಾಗುತ್ತದೆ. ಒಂದೇ ಆಹಾರದಿಂದ ಬೆಳವಣಿಗೆಯನ್ನೂ ಮಾಂಸದ ಬಿಗಿಯನ್ನೂ ಒಟ್ಟಿಗೆ ನಿರೀಕ್ಷಿಸಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಬೆಳೆಯುವ ಕಾಲಕ್ಕೆ ಒಂದು ಆಹಾರ, ಹಿಡಿಯುವ ಮುಂಚಿನ ಆರರಿಂದ ಎಂಟು ವಾರಕ್ಕೆ ಇನ್ನೊಂದು ಎಂದು ಯೋಜಿಸಿಕೊಳ್ಳುವುದು ಜಾಣತನ. ಈ ಕೊನೆಯ ಅವಧಿಯಲ್ಲಿ ಅರಿಶಿನ, ಹಸಿರು ಚಹಾ, ರೋಸ್‌ಮರಿಯಂತಹ, ಕೊಬ್ಬು ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಕೆಡುವುದನ್ನು ತಡೆಯುವ ಸಸ್ಯಗಳಿಗೆ ಆದ್ಯತೆ ಕೊಡಿ; ಜೊತೆಗೆ ಆಹಾರದಲ್ಲಿ ವಿಟಮಿನ್ ಇ ಸಾಕಷ್ಟಿದೆಯೇ ಎಂದು ನೋಡಿ, ಏಕೆಂದರೆ ಮಂಜಿನಲ್ಲಿಟ್ಟ ಮಾಂಸ ಕಮಟಾಗದಂತೆ ಕಾಯುವುದರಲ್ಲಿ ಯಾವ ಮೂಲಿಕೆಗೂ ಅದಕ್ಕಿರುವಷ್ಟು ಗಟ್ಟಿ ಆಧಾರವಿಲ್ಲ. ಬೆಳ್ಳುಳ್ಳಿಯನ್ನು ಹಿಡಿಯುವ ಒಂದು ವಾರ ಮೊದಲೇ ನಿಲ್ಲಿಸುವುದು ಕ್ಷೇಮ, ಮಾಂಸದಲ್ಲಿ ವಾಸನೆ ಉಳಿದೀತೆಂಬ ಅನುಮಾನಕ್ಕೆ ಎಡೆಯಿರುವುದಿಲ್ಲ.

ಅಳೆಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಎರಡೂ ಗುಂಪಿನಿಂದ ಐದೈದು ಮೀನು ತೆಗೆದು, ಬೆನ್ನ ಭಾಗದ ಒಂದೇ ಅಳತೆಯ ತುಂಡುಗಳನ್ನು ಒರೆಸಿ ತೂಗಿ, ಪ್ರತ್ಯೇಕ ಚೀಲಗಳಲ್ಲಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ 48 ಗಂಟೆ ಇಡಿ. ಚೀಲದಲ್ಲಿ ಒಸರಿದ ನೀರನ್ನು ಚೆಲ್ಲಿ, ತುಂಡನ್ನು ಮತ್ತೆ ಒರೆಸಿ ತೂಗಿ. 100 ಗ್ರಾಂ ತುಂಡು 96 ಗ್ರಾಂ ಆಗಿದ್ದರೆ ನಷ್ಟ 4 ಶೇಕಡ. ಕಡಿಮೆ ನೀರು ಬಿಟ್ಟ ಮಾಂಸವೇ ಬೆಂದಾಗಲೂ ರಸವತ್ತಾಗಿರುತ್ತದೆ. ಅದೇ ತುಂಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಗುಳಿ ಕೂಡಲೇ ತುಂಬಿಕೊಂಡರೆ ಬಿಗಿ ಚೆನ್ನಾಗಿದೆ. ಹೊಟ್ಟೆ ಸೀಳಿದಾಗ ಕರುಳಿನ ಸುತ್ತಲಿನ ಕೊಬ್ಬನ್ನೂ ಯಕೃತ್ತನ್ನೂ ತೂಗಿಡಿ. ಯಕೃತ್ತು ಬಿಳಿಚಿಕೊಂಡು, ಹಿಸುಕಿದರೆ ಪುಡಿಯಾಗುವಂತಿದ್ದರೆ ಆಹಾರದಲ್ಲಿ ಏನೋ ತಪ್ಪಿದೆ, ಪೂರಕವನ್ನು ಅಲ್ಲಿಗೇ ನಿಲ್ಲಿಸಿ. ರುಚಿ ನೋಡುವವರಿಗೆ ಯಾವ ತುಂಡು ಯಾವ ಗುಂಪಿನದೆಂದು ಹೇಳಬೇಡಿ, ಉಪ್ಪು ಖಾರ ಹಾಕದೆ ಬರೇ ಹಬೆಯಲ್ಲಿ ಬೇಯಿಸಿ ಕೊಡಿ.

ಮಣ್ಣಿನ ವಾಸನೆಯ ದೂರು ಬಂದರೆ ಆಹಾರವನ್ನು ಬದಲಿಸಲು ಹೋಗಬೇಡಿ. ಅದು ನೀಲಿಹಸಿರು ಪಾಚಿ ಮತ್ತು ಕೆಲವು ಬ್ಯಾಕ್ಟೀರಿಯಾಗಳು ನೀರಿಗೆ ಬಿಡುವ ಜಿಯೋಸ್ಮಿನ್‌ನ ಕೆಲಸ. ಕಿವಿರುಗಳ ಮೂಲಕವೇ ಅದು ಮೀನಿನ ಕೊಬ್ಬಿಗೆ ಸೇರುತ್ತದೆ. ಮೇವಿಲ್ಲದೆ, ಹರಿಯುವ ಶುದ್ಧ ನೀರಿನಲ್ಲಿ ಕೆಲವು ದಿನ ಬಿಟ್ಟರೆ ಹೋಗುತ್ತದೆ, ಮೂಲಿಕೆಯಿಂದ ಹೋಗುವುದಿಲ್ಲ.

ಹಿಡಿಯುವ ದಿನಕ್ಕೆ ಮುಂಚೆ 24 ಗಂಟೆ ಮೇವು ನಿಲ್ಲಿಸಿ, ತಂಪು ಹೊತ್ತಿನಲ್ಲಿ ಬಲೆ ಎಳೆಯಿರಿ. ಬಲೆಯಲ್ಲಿ ಬಹಳ ಹೊತ್ತು ಒದ್ದಾಡಿದ ಮೀನಿನ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿ, ಸತ್ತ ಮೇಲಿನ ಸೆಡೆತ ಬೇಗ ಬಂದು ಬೇಗ ಬಿಟ್ಟು, ಮಾಂಸ ಸಡಿಲವಾಗುತ್ತದೆ. ಎರಡು ತಿಂಗಳು ಪೂರಕ ತಿನ್ನಿಸಿ ಗಳಿಸಿದ ಬಿಗಿಯನ್ನು ಅರ್ಧ ಗಂಟೆಯ ಒದ್ದಾಟದಲ್ಲಿ ಕಳೆದುಕೊಳ್ಳಬಹುದು. ಮೀನು ದಡಕ್ಕೆ ಬರುವ ಮೊದಲೇ ಪುಡಿಮಂಜು ಬೆರೆಸಿದ ನೀರಿನ ತೊಟ್ಟಿ ಸಿದ್ಧವಾಗಿರಲಿ.